ಮೈತ್ರಿ ಬದಲಿಸಿ ಯುದ್ಧ ನಡೆಸುವುದು: 1780ರ ‘ಹೀಗಾಗಿದ್ದರೆ’ ಕಟ್ಟುವ ಸಮಗ್ರ ಮಾರ್ಗದರ್ಶಿ

ನಿಜಾಮ ಕೊನೆಯವರೆಗೂ ಹೈದರಾಲಿಯ ಜೊತೆ ನಿಂತಿದ್ದರೆ ಏನಾಗುತ್ತಿತ್ತು? ಕಾದಂಬರಿಗೋ ಬೋರ್ಡ್ ಗೇಮಿಗೋ ಕಾಲೇಜಿನ ಸೆಮಿನಾರಿಗೋ ಈ ಪ್ರಶ್ನೆ ಎತ್ತಿಕೊಂಡವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ನಿಜಾಮನ ಸೈನ್ಯವನ್ನು ಹೈದರನ ಸೈನ್ಯಕ್ಕೆ ಕೂಡಿಸುತ್ತಾರೆ, ಮೊತ್ತ ಇಂಗ್ಲಿಷರದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಮೂರನೇ ಪುಟದಲ್ಲಿ ಮದ್ರಾಸ್ ಬೀಳುತ್ತದೆ. ಅಲ್ಲಿಂದ ಮುಂದೆ ಬರೆಯಲು ಏನೂ ಉಳಿಯುವುದಿಲ್ಲ.

ಹೊಸ ಮಿತ್ರ ಸೇರಿದಾಗ ಮೊದಲು ಬದಲಾಗುವುದು ಶತ್ರು ಎಲ್ಲೆಲ್ಲಿ ಕಾವಲು ಹಾಕಬೇಕು, ಯಾವ ದಾರಿ ಮುಚ್ಚಿತು, ಯಾವ ಬಂದರು ತೆರೆಯಿತು ಎಂಬುದು. ಸೈನಿಕರ ಎಣಿಕೆ ಆಮೇಲಿನ ಮಾತು. ಕೆಳಗಿನ ಹಂತಗಳು ಈ ಕ್ರಮದಲ್ಲೇ ಇವೆ. ಮಾದರಿಗೆ 1778ರಿಂದ 1784ರವರೆಗಿನ ಯುದ್ಧವನ್ನು ಇಟ್ಟುಕೊಂಡಿದ್ದೇವೆ. ಯುರೋಪ್ ಮತ್ತು ಅಮೆರಿಕದಲ್ಲಿ ಬ್ರಿಟನ್ನಿಗೆ ಫ್ರಾನ್ಸ್, ಸ್ಪೇನ್, ಡಚ್ಚರು ಎದುರಾಳಿಗಳು. ಇಲ್ಲಿ ಅದೇ ಯುದ್ಧದ ಒಂದು ರಂಗ, ಮೈಸೂರಿನ ಹೈದರ್–ಟಿಪ್ಪುವಿಗೂ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೂ ನಡೆದ ಎರಡನೇ ಮೈಸೂರು ಯುದ್ಧ.

## ಬೇಕಾದ ಸಾಮಗ್ರಿ

ಒಂದು ನೆಲದ ನಕ್ಷೆ, ಇಂದಿನ ರಾಜ್ಯಗಳ ಗಡಿ ಇಲ್ಲದ್ದು. ನದಿ, ಘಟ್ಟ, ಕೋಟೆ ಸ್ಪಷ್ಟವಾಗಿರಲಿ. ಒಂದು ಸಮುದ್ರದ ನಕ್ಷೆ. ಗುಡ್‌ಹೋಪ್ ಭೂಶಿರ, ಆಗ ಐಲ್ ದ ಫ್ರಾನ್ಸ್ ಎನ್ನುತ್ತಿದ್ದ ಮಾರಿಷಸ್, ತ್ರಿಂಕೋಮಲಿ, ಮದ್ರಾಸ್, ಬಾಂಬೆ ಅದರಲ್ಲಿ ಇರಲೇಬೇಕು. ಹನ್ನೆರಡು ತಿಂಗಳ ಒಂದು ಉದ್ದ ಪಟ್ಟಿ, ಮಳೆಗಾಳಿ ಗುರುತಿಸಲು. ದಪ್ಪ ಕಾಗದದ ಹದಿನೈದು ಕಾರ್ಡುಗಳು. ಒಂದು ಲೆಕ್ಕದ ಪುಸ್ತಕ. ದಾಳ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಸ್ಪ್ರೆಡ್‌ಶೀಟಿನಲ್ಲೂ ಮಾಡಬಹುದು, ಆದರೆ ಕಾರ್ಡು ಮೇಜಿನ ಮೇಲಿದ್ದರೆ ಒಬ್ಬರನ್ನು ಮರೆಯುವ ಅಪಾಯ ಕಡಿಮೆ.

## ಹಂತ 1: ಒಂದೇ ಬದಲಾವಣೆ, ಅದೂ ಕಾಗದದ ಮೇಲಿನದು

ಕದನದ ಫಲಿತಾಂಶ ಬದಲಿಸಬೇಡಿ. ಒಪ್ಪಂದ, ಗುತ್ತಿಗೆ, ಪತ್ರ, ನೇಮಕ, ಇವುಗಳಲ್ಲಿ ಒಂದನ್ನು ಬದಲಿಸಿ, ದಿನಾಂಕ ಹಾಕಿ.

ಗುಂಟೂರು ಇದಕ್ಕೆ ಹೇಳಿ ಮಾಡಿಸಿದ ಉದಾಹರಣೆ. 1779ರಲ್ಲಿ ಮದ್ರಾಸ್ ಸರ್ಕಾರ ನಿಜಾಮನ ತಮ್ಮ ಬಸಾಲತ್ ಜಂಗನಿಂದ ಗುಂಟೂರು ಪಡೆದು ಆರ್ಕಾಟಿನ ನವಾಬನಿಗೆ ಗುತ್ತಿಗೆ ಕೊಟ್ಟಿತು. ನಿಜಾಮ ಅಲಿ ಖಾನ್ ಸಿಟ್ಟಾದ. ಪುಣೆಯ ಮರಾಠಾ ಮಂತ್ರಿ ನಾನಾ ಫಡ್ನವೀಸ, ಹೈದರ್, ನಿಜಾಮ ಒಂದಾಗಲು ಇದೂ ಒಂದು ಕಾರಣ. ಅದೇ ಗುಂಟೂರಿಗೆ ಹೋಗಿದ್ದ ಇಂಗ್ಲಿಷ್ ದಳವೇ ಕರ್ನಲ್ ಬೈಲಿಯ ಕೈಕೆಳಗೆ ದಕ್ಷಿಣಕ್ಕೆ ಮರಳುವಾಗ ಕೊರ್ತಲಯ್ಯಾರ್ ನದಿಯ ಪ್ರವಾಹಕ್ಕೆ ಸಿಕ್ಕಿ ತಡವಾಯಿತು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ನಾಶವಾಯಿತು. ಅಂದರೆ ಗುಂಟೂರಿನ ಗುತ್ತಿಗೆ ಅಳಿಸಿದರೆ ಆ ಮೂವರ ಕೂಟವೂ ಸಡಿಲ, ಪೊಳ್ಳಿಲೂರಿನ ಆ ಕದನವೂ ಇಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ಪೊಳ್ಳಿಲೂರಿನ ಚಿತ್ರ ಇದೆ, ಗುತ್ತಿಗೆ ಪತ್ರದ್ದು ಇಲ್ಲ. ಅದಕ್ಕೇ ಇರಬೇಕು, ಎಲ್ಲರೂ ಕದನದಿಂದಲೇ ಶುರು ಮಾಡುವುದು.

ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ಹೇಳಲಾಗುವುದಿಲ್ಲ. ಎರಡನೆಯದು ಬೇಕೇ ಬೇಕು ಅನ್ನಿಸಿದರೆ ಮೊದಲನೆಯದನ್ನು ಪೂರ್ತಿ ಓಡಿಸಿ ನೋಡಿ, ಆಮೇಲೆ ಹೊಸ ಹಾಳೆಯಲ್ಲಿ ಬೇರೆಯಾಗಿ ಶುರು ಮಾಡಿ.

## ಹಂತ 2: ನಿರ್ಧಾರ ಮಾಡುವ ಪ್ರತಿ ಕೈಗೂ ಒಂದು ಕಾರ್ಡು

‘ಮರಾಠರು’ ಎಂದು ಒಂದು ಕಾರ್ಡು, ‘ಇಂಗ್ಲಿಷರು’ ಎಂದು ಇನ್ನೊಂದು ಮಾಡಿದಿರೋ, ಅಲ್ಲಿಗೆ ಆಟ ಮುಗಿಯಿತು. ಮರಾಠರಿಗೆ ಕನಿಷ್ಠ ಮೂರು ಕಾರ್ಡು: ಪುಣೆ ದರ್ಬಾರು, ಮಹಾದಜಿ ಸಿಂಧ್ಯ, ನಾಗಪುರದ ಮುಧೋಜಿ ಭೋಂಸಲೆ. ಕಂಪನಿಗೂ ಮೂರು: ಕಲ್ಕತ್ತಾ, ಮದ್ರಾಸ್, ಬಾಂಬೆ. ಇವು ಒಂದರ ಮಾತು ಇನ್ನೊಂದು ಕೇಳುತ್ತಿರಲಿಲ್ಲ. ಗುಂಟೂರನ್ನು ನಿಜಾಮನಿಗೆ ಮರಳಿಸಿ ಎಂದು ಕಲ್ಕತ್ತಾದ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಹೇಳಿದ್ದನ್ನು ಪಾಲಿಸದ ಮದ್ರಾಸ್ ಗವರ್ನರ್ ವೈಟ್‌ಹಿಲ್‌ನನ್ನು 1780ರ ಕೊನೆಯಲ್ಲಿ ಕಲ್ಕತ್ತಾ ಅಮಾನತು ಮಾಡಬೇಕಾಯಿತು. ಫ್ರಾನ್ಸಿಗೆ ಎರಡು: ವರ್ಸೇಲ್ಸ್, ಐಲ್ ದ ಫ್ರಾನ್ಸ್. ಇವುಗಳ ಜೊತೆಗೆ ಮೈಸೂರು, ಹೈದರಾಬಾದ್, ಆರ್ಕಾಟ್, ತಿರುವಾಂಕೂರು, ಡಚ್ಚರು, ತರಂಗಂಬಾಡಿಯ ಡೇನರು, ಗೋವೆಯ ಪೋರ್ಚುಗೀಸರು.

ಪ್ರತಿ ಕಾರ್ಡಿನ ಮೇಲೆ ನಾಲ್ಕೇ ಸಾಲು:

1. ಯಾರ ಭಯ?
2. ಯಾವ ನೆಲ ಅಥವಾ ಯಾವ ಬಾಕಿ ಬೇಕು?
3. ಯುದ್ಧಕ್ಕೆ ಇಳಿಯಲು ಏನು ಕೊಡಬೇಕು?
4. ಬಿಟ್ಟು ಹೋಗಲು ಏನು ಸಾಕು?

ನಾಲ್ಕನೇ ಸಾಲು ಬರೆಯದವರೇ ಹೆಚ್ಚು, ಆಟ ನಿರ್ಧಾರವಾಗುವುದು ಅಲ್ಲೇ. ಹೈದರಾಬಾದಿನ ನಾಲ್ಕನೇ ಸಾಲಿನಲ್ಲಿ ‘ಗುಂಟೂರು, ಉತ್ತರ ಸರ್ಕಾರುಗಳ (ಆಂಧ್ರ ಕರಾವಳಿಯ ಜಿಲ್ಲೆಗಳ) ಪೇಶ್‌ಕಶ್, ಅಂದರೆ ಕಪ್ಪ’ ಎಂದು ಬರೆಯಿರಿ. ಹೇಸ್ಟಿಂಗ್ಸ್ ಎರಡನ್ನೂ ಕೊಟ್ಟ, ನಿಜಾಮ ಸುಮ್ಮನಾದ. ನಾಗಪುರದ್ದು: ‘ಹಣ’. ಸಿಂಧ್ಯನದ್ದು: ‘ಉತ್ತರದಲ್ಲಿ ತನ್ನಿಷ್ಟದಂತೆ ನಡೆಯಲು ಬಿಡುವುದು’. 1780ರ ಆಗಸ್ಟಿನಲ್ಲಿ ಗ್ವಾಲಿಯರ್ ಕೋಟೆ ಇಂಗ್ಲಿಷರ ಕೈಗೆ ಹೋದ ಮೇಲೆ, ಮರು ವರ್ಷದ ಅಕ್ಟೋಬರ್ 13ರಂದು ಅವನು ಇಂಗ್ಲಿಷರ ಜೊತೆ ಒಪ್ಪಂದಕ್ಕೆ ಬಂದ.

## ಹಂತ 3: ಮೈತ್ರಿಯ ದರ್ಜೆ ಮತ್ತು ಬೆಲೆ

ಯಾರು ಯಾರ ಮಿತ್ರ ಎಂದು ಗೆರೆ ಎಳೆಯುವುದಷ್ಟೇ ಸಾಲದು. ಗೆರೆಯ ಮೇಲೆ ದರ್ಜೆ ಬರೆಯಿರಿ: ಒಟ್ಟಿಗೆ ದಾಳಿ ಮಾಡುವ ಮೈತ್ರಿ, ದಾಳಿಯಾದರೆ ಮಾತ್ರ ನೆರವು ಕೊಡುವ ಮೈತ್ರಿ, ಹಣ ಕೊಟ್ಟು ಸೈನ್ಯ ಪಡೆಯುವ ಮೈತ್ರಿ, ಬರೀ ಕಾಗದದ ಮೈತ್ರಿ. 1769ರ ಮದ್ರಾಸ್ ಒಪ್ಪಂದದಲ್ಲಿ ಪರಸ್ಪರ ನೆರವಿನ ಮಾತಿತ್ತು. ಮರಾಠರು ಮೈಸೂರಿನ ಮೇಲೆ ಬಂದಾಗ ಮದ್ರಾಸಿನಿಂದ ಯಾರೂ ಬರಲಿಲ್ಲ. ಅದು ಕೊನೆಯ ದರ್ಜೆ. 1779ರಲ್ಲಿ ಸ್ಪೇನ್ ಫ್ರಾನ್ಸಿನ ಜೊತೆ ಸೇರಿತು, ಅಮೆರಿಕನ್ನರ ಜೊತೆ ಸೇರಲಿಲ್ಲ. ಜಿಬ್ರಾಲ್ಟರ್ ಸಿಗುವವರೆಗೆ ಸಂಧಿ ಬೇಡ ಎಂಬ ಷರತ್ತನ್ನೂ ಹಾಕಿತು. ಮಿತ್ರನ ಮಿತ್ರ ತಾನಾಗಿ ಮಿತ್ರನಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಬೆಲೆಯನ್ನೂ ಬರೆಯಿರಿ. 1780ರಲ್ಲಿ ಪುಣೆ ಹೈದರನಿಗೆ ಕೊಟ್ಟ ಬೆಲೆ ಕೃಷ್ಣಾ–ತುಂಗಭದ್ರೆಯ ನಡುವಿನ ನೆಲದ ಮೇಲೆ ಅವನ ಹಿಡಿತಕ್ಕೆ ಒಪ್ಪಿಗೆ. ಕೊಟ್ಟವರಿಗೆ ಅದು ಎಂದೂ ಜೀರ್ಣವಾಗಲಿಲ್ಲ. ಯುದ್ಧ ಮುಗಿದು ಎರಡೇ ವರ್ಷಕ್ಕೆ ನರಗುಂದದ ವಿವಾದ ಹಿಡಿದುಕೊಂಡು ಅದೇ ಪುಣೆ, ಅದೇ ನಿಜಾಮ ಟಿಪ್ಪುವಿನ ಮೇಲೆ ಬಂದರು, 1786ರಲ್ಲಿ ಬಾದಾಮಿ ಹಿಡಿದರು. ಹಾಗೆಯೇ 1779ರಲ್ಲಿ ಹೈದರ್ ಕಡಪ ನುಂಗಿದ್ದ. ನಿಜಾಮ ಅದನ್ನು ಮರೆತಿರಲಿಲ್ಲ. ನಿಮ್ಮ ಕಲ್ಪನೆಯ ಮೈತ್ರಿಯಲ್ಲೂ ಇಂಥ ಒಂದು ಒಡಕಿನ ಜಾಗ ಗುರುತಿಸಿ, ಕೆಂಪು ಶಾಯಿಯಲ್ಲಿ ಸುತ್ತು ಹಾಕಿ. ಒಡಕೇ ಕಾಣದ ಮೈತ್ರಿ ನಿಮ್ಮ ಕಾರ್ಡಿನಲ್ಲಿ ಇದ್ದರೆ ಎರಡನೇ ಸಾಲು ಸರಿಯಾಗಿ ತುಂಬಿಲ್ಲ ಎಂದೇ ಅರ್ಥ.

## ಹಂತ 4: ತಟಸ್ಥರನ್ನು ಮೂಲೆಗೆ ತಳ್ಳಬೇಡಿ

ತಟಸ್ಥ ಅಂದರೆ ಆಟದಿಂದ ಹೊರಗೆ ಎಂದುಕೊಂಡು ಆ ಕಾರ್ಡುಗಳನ್ನು ಬದಿಗಿಡುವುದು ಅತಿ ಸಾಮಾನ್ಯ ತಪ್ಪು. ಕೌಟಿಲ್ಯನ ಹಳೇ ವಿಂಗಡಣೆ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಇಬ್ಬರ ಗಡಿಗೂ ತಾಗಿಕೊಂಡು ಯಾರಿಗೆ ಬೇಕಾದರೂ ನೆರವಾಗಬಲ್ಲವನು ಮಧ್ಯಮ. ದೂರದಲ್ಲಿದ್ದು, ಎಲ್ಲರಿಗಿಂತ ಬಲವಾಗಿ, ತನ್ನ ಲೆಕ್ಕ ತಾನು ನೋಡಿಕೊಳ್ಳುವವನು ಉದಾಸೀನ. 1780ರಲ್ಲಿ ನಿಜಾಮ ಮಧ್ಯಮ, ರಷ್ಯಾದ ರಾಣಿ ಕ್ಯಾಥರೀನ್ ಉದಾಸೀನ.

ಮಧ್ಯಮನ ಕಾರ್ಡಿಗೆ ಒಂದು ಪ್ರಶ್ನೆ ಸಾಕು: ಇವನ ನೆಲದ ಮೇಲೆ ಯಾರ ಸೈನ್ಯ ಹಾದುಹೋಗಬಹುದು? ನಾಗಪುರದ ಭೋಂಸಲೆ ಮೂವತ್ತು ಸಾವಿರ ಕುದುರೆ ಸವಾರರನ್ನು ಕಟಕ್‌ಗೆ ಕಳಿಸಿದ್ದ, ಬಂಗಾಳದ ಮೇಲೆ ಬೀಳಲಿಕ್ಕೆಂದು. ಹಣ ಮುಟ್ಟಿತು, ಸವಾರರು ಕದಲಲಿಲ್ಲ. ಕರ್ನಲ್ ಪಿಯರ್ಸ್‌ನ ಬಂಗಾಳ ದಳ ಒರಿಸ್ಸಾ ಕರಾವಳಿಯಲ್ಲೇ ನಡೆದು ಬಂದು 1781ರ ಆಗಸ್ಟ್ ಹೊತ್ತಿಗೆ ಇಂಗ್ಲಿಷ್ ಸೇನಾಪತಿ ಐರ್ ಕೂಟನ ಸೈನ್ಯ ಸೇರಿಕೊಂಡಿತು. ಒಂದು ಗುಂಡೂ ಹಾರಿಸದೆ ಭೋಂಸಲೆ ಆ ವರ್ಷದ ಯುದ್ಧದ ಮೇಲೆ ಮಾಡಿದ ಪರಿಣಾಮ ದೊಡ್ಡದು.

ಉದಾಸೀನನಿಗೆ ಬೇರೆ ಪ್ರಶ್ನೆ: ಇವನ ಬಾವುಟದ ಕೆಳಗೆ ಏನೇನು ಸಾಗುತ್ತದೆ? 1780ರ ಮಾರ್ಚಿನಲ್ಲಿ ಕ್ಯಾಥರೀನ್ ಘೋಷಿಸಿದ ಸಶಸ್ತ್ರ ತಟಸ್ಥ ಕೂಟಕ್ಕೆ ಡೆನ್ಮಾರ್ಕ್, ಸ್ವೀಡನ್ ಅದೇ ವರ್ಷ ಸೇರಿದವು. ತಟಸ್ಥ ಹಡಗಿನಲ್ಲಿರುವ ಶತ್ರುವಿನ ಸರಕನ್ನು ಮುಟ್ಟುವಂತಿಲ್ಲ, ಯುದ್ಧ ಸಾಮಗ್ರಿ ಮಾತ್ರ ಹೊರತು. ಬರೀ ಕಾಗದದಲ್ಲಿ ದಿಗ್ಬಂಧನ ಸಾರಿದರೆ ನಡೆಯದು, ಬಂದರಿನ ಮುಂದೆ ನಿಜವಾಗಿ ಹಡಗು ನಿಂತಿರಬೇಕು. ಈ ನಿಯಮದಿಂದ ಬಾಲ್ಟಿಕ್ಕಿನ ಮರ, ಸೆಣಬು ಫ್ರಾನ್ಸಿನ ಹಡಗುಕಟ್ಟೆಗೆ ಸೇರುವ ದಾರಿ ಸಲೀಸಾಯಿತು. ಭಾರತದ ಕಡೆ ಇದರ ಲಾಭ ಪಡೆದವರು ಡೇನರು. ಉಳಿದವರೆಲ್ಲ ಕಾದಾಡುತ್ತಿದ್ದಾಗ ತರಂಗಂಬಾಡಿ, ಬಂಗಾಳದ ಶ್ರೀರಾಮಪುರದ ವ್ಯಾಪಾರ ಏರಿತು.

ಎಚ್ಚರಿಕೆ: ಕೂಟ ಸೇರಿದ ಮಾತ್ರಕ್ಕೆ ರಕ್ಷಣೆ ಸಿಗುವುದಿಲ್ಲ. ಡಚ್ಚರು ಅದಕ್ಕೆ ಸೇರಲು ಹೊರಟಾಗ ಬ್ರಿಟನ್ ಡಿಸೆಂಬರ್ 20, 1780ರಂದು ಅವರ ಮೇಲೇ ಯುದ್ಧ ಸಾರಿತು. ಕ್ಯಾಥರೀನ್ ಅವರಿಗಾಗಿ ಕತ್ತಿ ಹಿರಿಯಲಿಲ್ಲ.

## ಹಂತ 5: ಗಾಳಿ ಮತ್ತು ಸುದ್ದಿಯ ತಡ

ತಿಂಗಳ ಪಟ್ಟಿ ತೆಗೆದುಕೊಳ್ಳಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕೋರಮಂಡಲ ಕರಾವಳಿಯನ್ನು ಕೆಂಪಾಗಿ ಬಳಿಯಿರಿ. ಈಶಾನ್ಯ ಮಳೆಗಾಳಿಯಲ್ಲಿ ಮದ್ರಾಸಿನ ತೆರೆದ ಕಡಲಿನಲ್ಲಿ ನೌಕಾಪಡೆ ನಿಲ್ಲದು. ಇಂಗ್ಲಿಷರ ಅಡ್ಮಿರಲ್ ಹ್ಯೂಸ್ ಬಾಂಬೆ ಕಡೆ ಹೋಗುತ್ತಿದ್ದ. 1780ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿದ್ದ ಹೈದರನ ಹಡಗುಗಳನ್ನು ಸುಟ್ಟದ್ದು ಈ ಬಿಡುವಿನಲ್ಲೇ. ಪೂರ್ವ ಕರಾವಳಿಗೆ ಹತ್ತಿರದ ಒಳ್ಳೆಯ ಬಂದರು ತ್ರಿಂಕೋಮಲಿ ಒಂದೇ, ಅದು ಡಚ್ಚರ ಕೈಯಲ್ಲಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು, ಮಾಹೆಯ ಕಡೆಯೂ ಕೆಂಪೇ.

ಸುದ್ದಿಗೆ ಬೇರೆ ಸಾಲು. ಭೂಶಿರ ಸುತ್ತಿ ಬರುವ ಕಾಗದಕ್ಕೆ ಆರು ತಿಂಗಳು ಹಿಡಿಯಿರಿ. ಈಜಿಪ್ಟ್ ಅಥವಾ ಬಸ್ರಾ ದಾರಿಗೆ ನಾಲ್ಕು. ಪುಣೆಯಿಂದ ಶ್ರೀರಂಗಪಟ್ಟಣಕ್ಕೆ ಹರಕಾರರ, ಅಂದರೆ ಓಲೆಕಾರರ ಕೈಯಲ್ಲಿ ಎರಡು ವಾರ. ಇವು ಆಟಕ್ಕೆ ಇಟ್ಟುಕೊಳ್ಳುವ ಅಂದಾಜುಗಳು, ಮಳೆಗಾಲದಲ್ಲಿ ಇನ್ನಷ್ಟು ಕೂಡಿಸಿ. ಮೊದಲು ಸುದ್ದಿ ಕೇಳಿದವನಿಗೆ ಒಂದು ಉಚಿತ ನಡೆ ಕೊಡಿ. 1778ರಲ್ಲಿ ಫ್ರಾನ್ಸಿನ ಜೊತೆ ಯುದ್ಧ ಎಂಬ ಸುದ್ದಿ ಈಜಿಪ್ಟಿನ ದಾರಿಯಲ್ಲಿ ಜುಲೈ ಮೊದಲ ವಾರವೇ ಹೇಸ್ಟಿಂಗ್ಸ್‌ಗೆ ಮುಟ್ಟಿತು, ಕೆಲವೇ ದಿನದಲ್ಲಿ ಬಂಗಾಳದ ಫ್ರೆಂಚ್ ನೆಲೆ ಚಂದ್ರನಗರ ಇಂಗ್ಲಿಷರ ಪಾಲಾಯಿತು. ತಿರುಗುಮುರುಗೂ ನಡೆಯುತ್ತದೆ: ಯುರೋಪಿನಲ್ಲಿ ಪ್ರಾಥಮಿಕ ಸಂಧಿಗೆ ಸಹಿ ಬಿದ್ದದ್ದು 1783ರ ಜನವರಿ 20ಕ್ಕೆ, ಕಡಲೂರಿನ ಮುಂದೆ ಫ್ರೆಂಚ್ ನೌಕಾಪತಿ ಸುಫ್ರೆನ್ ಮತ್ತು ಹ್ಯೂಸ್ ಕಾದಾಡಿದ್ದು ಜೂನ್ 20ಕ್ಕೆ.

## ಹಂತ 6: ಎತ್ತು, ಅಕ್ಕಿ, ಹಣ

ಈ ಹಂತ ಚಿಕ್ಕದು, ಆದರೆ ಬಿಡಬೇಡಿ. ತೋಪು ಎಳೆಯುವ ಸೈನ್ಯಕ್ಕೆ ದಿನಕ್ಕೆ 15ರಿಂದ 20 ಕಿಲೋಮೀಟರಿಗಿಂತ ಹೆಚ್ಚು ನಡಿಗೆ ಕೊಡಬೇಡಿ. ಮುಂದೆ ಅಮೃತ ಮಹಲ್ ಎಂದು ಹೆಸರಾದ ತಳಿಯ ಎತ್ತುಗಳಿದ್ದ ಹೈದರನಿಗೆ ಮಾತ್ರ ಸ್ವಲ್ಪ ರಿಯಾಯಿತಿ. ಐರ್ ಕೂಟನ ಸೈನ್ಯಕ್ಕೆ ಎತ್ತಿನ ಬರ. ಅದು ಕರಾವಳಿ ಬಿಟ್ಟು ಹೆಚ್ಚು ದೂರ ಹೋಗಲಾರದು, ಅಕ್ಕಿ ಬಂಗಾಳದಿಂದ ಹಡಗಿನಲ್ಲಿ ಬರಬೇಕು. ಹಾಗಾಗಿ ಅವನ ಪಾಲಿಗೆ ಸಮುದ್ರ ಮುಚ್ಚುವುದು ಸೋಲಿಗೆ ಸಮ. ಮೈಸೂರಿಗೆ ಹಾಗಲ್ಲ, ಲಂಬಾಣಿಗರ ಹೇರೆತ್ತುಗಳು ಘಟ್ಟದ ಮೇಲಿನಿಂದ ಇಳಿಯುತ್ತವೆ. ಹೊಸ ಮಿತ್ರನನ್ನು ಸೇರಿಸಿದಾಗ ಲೆಕ್ಕದ ಪುಸ್ತಕದಲ್ಲಿ ಯಾವ ಸಾಲು ಬದಲಾಯಿತು ನೋಡಿ. ಒಂದೂ ಬದಲಾಗದಿದ್ದರೆ ಆ ಮಿತ್ರ ಬಂದದ್ದರಿಂದ ಯುದ್ಧಕ್ಕೆ ಏನೂ ಆಗಿಲ್ಲ.

## ಹಂತ 7: ಸುತ್ತು ಓಡಿಸುವುದು, ಒಂದು ಪೂರ್ಣ ಉದಾಹರಣೆ

ಮೂರು ತಿಂಗಳಿಗೆ ಒಂದು ಸುತ್ತು. ಹೈದರ್ ಘಟ್ಟ ಇಳಿದ 1780ರ ಜುಲೈನಿಂದ ಮಂಗಳೂರು ಒಪ್ಪಂದದ 1784ರ ಮಾರ್ಚ್‌ವರೆಗೆ ಹದಿನೈದು ಸುತ್ತು. ಪ್ರತಿ ಸುತ್ತಿನಲ್ಲೂ ಇದೇ ಕ್ರಮ: ಸುದ್ದಿ ಹಂಚಿ, ಗಾಳಿ ನೋಡಿ, ಆಹಾರ ಲೆಕ್ಕ ಹಾಕಿ, ನಡೆ ಬರೆಯಿರಿ, ಕೊನೆಗೆ ಎದುರಾಳಿಯ ಪ್ರತಿಕ್ರಿಯೆ. ನಡೆಯನ್ನು ಮೊದಲಿಟ್ಟು ಆಹಾರವನ್ನು ಆಮೇಲೆ ಹೊಂದಿಸಿದರೆ ಸೈನ್ಯಗಳು ಹಾರಲು ಶುರು ಮಾಡುತ್ತವೆ.

ಬದಲಾವಣೆ ಇದು: ಡಚ್ಚರು ಡಿಸೆಂಬರ್ ಬದಲು 1780ರ ಜುಲೈಗೇ ಫ್ರಾನ್ಸಿನ ಪಕ್ಷ ಸೇರಿದರು.

ಮೊದಲ ಎರಡು ಸುತ್ತಿನಲ್ಲಿ ಇಲ್ಲಿ ಏನೂ ಬದಲಾಗುವುದಿಲ್ಲ, ಸುದ್ದಿಯೇ ಬಂದಿಲ್ಲ. ಪೊಳ್ಳಿಲೂರು ಆದ ಹಾಗೆಯೇ ಆಗುತ್ತದೆ, ಆರ್ಕಾಟ್ ಹೈದರನಿಗೆ ಬೀಳುತ್ತದೆ. ಇಲ್ಲಿ ಕೈ ತಡೆದುಕೊಳ್ಳುವುದು ಕಷ್ಟ, ಆದರೂ ತಡೆದುಕೊಳ್ಳಿ.

ಮೂರನೇ ಸುತ್ತು, 1781ರ ಜನವರಿಯಿಂದ ಮಾರ್ಚ್. ನಿಜವಾಗಿ ನಡೆದದ್ದು: ಐರ್ ಕೂಟ ಕಡಲೂರಿನಲ್ಲಿ ಅಕ್ಕಿಯಿಲ್ಲದೆ ಸಿಕ್ಕಿಕೊಂಡಿದ್ದ, ನೆಲದ ಕಡೆ ಹೈದರ್, ಕಡಲಿನಲ್ಲಿ ದೋರ್ವ್‌ನ ಫ್ರೆಂಚ್ ಪಡೆ. ನಿಲ್ಲು ಎಂದು ಹೈದರ್ ಕೇಳಿಕೊಂಡರೂ ದೋರ್ವ್ ಫೆಬ್ರವರಿಯಲ್ಲಿ ಐಲ್ ದ ಫ್ರಾನ್ಸಿಗೆ ವಾಪಸಾದ. ಪುದುಚೇರಿ 1778ರಲ್ಲೇ ಹೋಗಿತ್ತು, ಡಚ್ಚರ ಮೇಲೆ ಯುದ್ಧ ಸಾರಿದ ಸುದ್ದಿ ಈ ಕರಾವಳಿಗೆ ಇನ್ನೂ ಮುಟ್ಟಿರಲಿಲ್ಲ. ಹಾಗಾಗಿ ಫ್ರೆಂಚರಿಗೆ ತಮ್ಮದೆಂದು ಒಂದು ಬಂದರೂ ಇರಲಿಲ್ಲ. ನಮ್ಮ ಬದಲಾವಣೆಯಲ್ಲಿ ಜುಲೈನ ಸುದ್ದಿ ಜನವರಿಗೆ ಮುಟ್ಟುತ್ತದೆ. ತ್ರಿಂಕೋಮಲಿಯಲ್ಲಿ ನೀರು, ಆಹಾರ, ದುರಸ್ತಿ. ದೋರ್ವ್ ಹೊರಡಲು ಇದ್ದ ದೊಡ್ಡ ಕಾರಣ ಹೋಯಿತು.

ಇಲ್ಲಿಗೆ ಕೂಟ ಶರಣಾದ ಎಂದು ಬರೆದು ಮುಗಿಸಬೇಡಿ. ಈಜಿಪ್ಟ್ ದಾರಿಯಲ್ಲಿ ಇಂಗ್ಲಿಷರಿಗೆ ಸುದ್ದಿ ನವೆಂಬರಿಗೇ ಸಿಕ್ಕಿರಬಹುದು, ಉಚಿತ ನಡೆ ಅವರದ್ದು. ಹ್ಯೂಸ್ ಪಶ್ಚಿಮ ಕರಾವಳಿಯಲ್ಲಿದ್ದಾನೆ. ಎದುರುಗಾಳಿಯಲ್ಲಿ ತ್ರಿಂಕೋಮಲಿಗೆ ಏರಿ ಬರುವುದು ನಿಧಾನ. ಕೂಟ ದಕ್ಷಿಣಕ್ಕೆ ಸರಿದರೆ ಡಚ್ಚರ ನಾಗಪಟ್ಟಣ ಈಗ ಶತ್ರು ಕೋಟೆ. ಮೂರು ಫಲಿತಾಂಶ ಬರೆದುಕೊಳ್ಳಿ: ಶರಣಾಗತಿ, ತಂಜಾವೂರಿನ ಕಡೆ ನುಗ್ಗುವುದು, ಹ್ಯೂಸ್ ಸಮಯಕ್ಕೆ ಬರುವುದು. ದಾಳ ಇದ್ದರೆ ಅದು ಕೆಲಸಕ್ಕೆ ಬರುವ ಜಾಗ ಇದು. ನಮ್ಮ ಅಭಿಪ್ರಾಯದಲ್ಲಿ ಮೊದಲನೆಯದಕ್ಕೇ ತೂಕ ಜಾಸ್ತಿ.

ಶರಣಾದ ಎಂದೇ ಇಟ್ಟುಕೊಳ್ಳಿ. ಮದ್ರಾಸ್ ಬಿತ್ತೇ? ಇಲ್ಲ. ಸೇಂಟ್ ಜಾರ್ಜ್ ಕೋಟೆ ನಿಂತಿದೆ, ಬಂಗಾಳದ ಕಂದಾಯಕ್ಕೆ ಧಕ್ಕೆಯಾಗಿಲ್ಲ. ನಾಲ್ಕನೇ ಸುತ್ತಿನಲ್ಲಿ ಹೇಸ್ಟಿಂಗ್ಸ್‌ನ ಪ್ರತಿಕ್ರಿಯೆ ಬರೆಯಿರಿ. ಗಾಬರಿಯಾದವನು ಮರಾಠರ ಜೊತೆ ಬೇಗ ರಾಜಿಗೆ ಹೋಗುತ್ತಾನೆ, ಹೆಚ್ಚು ಕೊಡುತ್ತಾನೆ. 1782ರ ಮೇ 17ರ ಸಾಲ್ಬೈ ಒಪ್ಪಂದದಲ್ಲಿ ಇಂಗ್ಲಿಷರು ಬಾಂಬೆ ಬಳಿಯ ಬಸೀನ್ ಅನ್ನು ಮರಾಠರಿಗೆ ಬಿಟ್ಟುಕೊಟ್ಟು ಸಾಲ್ಸೆಟ್ ಉಳಿಸಿಕೊಂಡಿದ್ದರು. ಕಲ್ಪನೆಯ ಸಾಲ್ಬೈ 1781ರಲ್ಲೇ ಆಗುತ್ತದೆ, ಸಾಲ್ಸೆಟ್ಟೂ ಹೋಗುತ್ತದೆ. ಪುಣೆಯ ಕೈ ಬಿಡುವಾಯಿತು. ಬಿಡುವಾದ ಪುಣೆಯ ಕಾರ್ಡಿನ ಎರಡನೇ ಸಾಲಿನಲ್ಲಿ ಏನಿದೆ? ಕೃಷ್ಣಾ–ತುಂಗಭದ್ರೆಯ ನೆಲ. ಹೈದರ್ ಪೂರ್ವದಲ್ಲಿ ಗೆದ್ದಷ್ಟೂ ಉತ್ತರದ ಗಡಿಗೆ ಅಪಾಯ ಬೇಗ ಬರುತ್ತದೆ. ಐದನೇ ಸುತ್ತಿನಲ್ಲಿ ಅವನು ಅರ್ಧ ಕುದುರೆದಳವನ್ನು ಧಾರವಾಡದ ಕಡೆ ಕಳಿಸಬೇಕಾಗಿ ಬಂದರೆ ಅಚ್ಚರಿಪಡಬೇಡಿ.

## ಹಂತ 8: ಯಾರು ಮೊದಲು ಎದ್ದು ಹೋಗುತ್ತಾರೆ

ಯುದ್ಧ ಎಲ್ಲರಿಗೂ ಒಂದೇ ದಿನ ಮುಗಿಯುವುದಿಲ್ಲ. ಪ್ರತಿ ಸುತ್ತಿನ ಕೊನೆಯಲ್ಲೂ ಕಾರ್ಡುಗಳ ನಾಲ್ಕನೇ ಸಾಲು ಓದಿ. ಷರತ್ತು ತುಂಬಿದವರನ್ನು ಎಬ್ಬಿಸಿ, ಉಳಿದವರ ಮೇಲೆ ಅದರ ಪರಿಣಾಮ ಬರೆಯಿರಿ. ಎದ್ದು ಹೋಗುವವನು ಮಿತ್ರನ ಹೆಸರಿನಲ್ಲಿ ಮಾತು ಕೊಡುವುದೂ ಉಂಟು. ಹೈದರ್ ಹಿಡಿದ ನೆಲವನ್ನು ಆರು ತಿಂಗಳಲ್ಲಿ ಬಿಡಿಸುತ್ತೇವೆ ಎಂದು ಸಾಲ್ಬೈಯಲ್ಲಿ ಮರಾಠರು ಒಪ್ಪಿಕೊಂಡರು, ಹೈದರನನ್ನು ಕೇಳದೆ. ನಾನಾ ಅದಕ್ಕೆ ಮುದ್ರೆ ಒತ್ತುವುದನ್ನು ಡಿಸೆಂಬರಿನಲ್ಲಿ ಹೈದರ್ ತೀರಿಕೊಳ್ಳುವವರೆಗೆ ಎಳೆದ. ಸಹಿಗೂ ಮುದ್ರೆಗೂ ನಡುವಿನ ಈ ಅವಧಿಯನ್ನು ಆಟದಲ್ಲಿ ಬೇರೆಯೇ ಸ್ಥಿತಿಯೆಂದು ಇಟ್ಟುಕೊಳ್ಳಿ: ಸೈನ್ಯ ನಿಂತಿರುತ್ತದೆ, ಚೌಕಾಸಿ ನಡೆಯುತ್ತದೆ. 1783ರಲ್ಲಿ ಮಂಗಳೂರಿನ ಮುತ್ತಿಗೆಯ ನಡುವೆ ಫ್ರೆಂಚರು ಕೈ ಚೆಲ್ಲಿದಾಗ ಟಿಪ್ಪು ಮುತ್ತಿಗೆ ಬಿಡಲಿಲ್ಲ. ಮಿತ್ರ ಹೋದ ಮೇಲೂ ಆಡುವ ಕೈ ಉಳಿದಿರಬಹುದು.

## ಕೈ ತಪ್ಪುತ್ತಿದೆ ಎಂಬುದರ ಗುರುತುಗಳು

ಮೂರು ಸುತ್ತು ಸತತವಾಗಿ ಒಂದೇ ಪಕ್ಷಕ್ಕೆ ಲಾಭವಾಗುತ್ತಿದ್ದರೆ ಪ್ರತಿಕ್ರಿಯೆಯ ಸಾಲು ಖಾಲಿ ಬಿಟ್ಟಿದ್ದೀರಿ.

ಯಾವುದೇ ದರ್ಬಾರು ‘ಪರಕೀಯರನ್ನು ಓಡಿಸಬೇಕು’ ಎಂಬ ಒಂದೇ ಕಾರಣಕ್ಕೆ ನಡೆ ಇಡುತ್ತಿದ್ದರೆ ಇಪ್ಪತ್ತನೇ ಶತಮಾನದ ಮನಸ್ಸು ಹದಿನೆಂಟರೊಳಗೆ ನುಗ್ಗಿದೆ. ಹೈದರನ ಮಿತ್ರರು ಫ್ರೆಂಚರು ಎಂಬುದನ್ನು ನೆನಪಿಗೆ ತಂದುಕೊಳ್ಳಿ.

ಡಿಸೆಂಬರಿನಲ್ಲಿ ಮದ್ರಾಸಿನ ಮುಂದೆ ನೌಕಾಯುದ್ಧ ಬರೆದಿದ್ದರೆ ಹಾಳೆ ಹರಿಯಿರಿ.

ತಟಸ್ಥರ ಕಾರ್ಡು ನಾಲ್ಕು ಸುತ್ತಿನಿಂದ ಮುಟ್ಟಿಲ್ಲವಾದರೆ ಹಿಂದಕ್ಕೆ ಹೋಗಿ, ಅವರ ಬಂದರಿನಲ್ಲಿ ಯಾರ ಸರಕು ಇಳಿಯುತ್ತಿದೆ ನೋಡಿ.

ಹದಿನೈದನೇ ಸುತ್ತಿಗೆ ನಿಲ್ಲಿಸಿ. 1799 ಏನಾಗುತ್ತಿತ್ತು, 1857 ಆಗುತ್ತಿತ್ತೇ ಎಂದು ಅಲ್ಲಿಂದ ಮುಂದಕ್ಕೆ ಎಳೆದರೆ ಪ್ರತಿ ವರ್ಷಕ್ಕೂ ಊಹೆಯ ಮೇಲೆ ಊಹೆ ಕೂತು ಕಾರ್ಡುಗಳಿಗೆ ಕೆಲಸವೇ ಉಳಿಯುವುದಿಲ್ಲ. ಮುಂದಿನ ಯುದ್ಧ ಬೇಕಿದ್ದರೆ ಹೊಸ ದಿನಾಂಕ, ಹೊಸ ಕಾರ್ಡು, ಹಂತ 1ರಿಂದ.